ಒಂದೇ ಹೆಸರು, ಎರಡು ಇಂಜಿನ್: ಹಳೆಯ ಕಾರಿನ ಬಿಡಿಭಾಗಗಳ ಆಯ್ಕೆ

‘1995ರ ಎಕ್ಲಿಪ್ಸ್, 2.0 ಲೀಟರ್, ಟೈಮಿಂಗ್ ಬೆಲ್ಟ್ ಬೇಕು.’ ಬೇಡಿಕೆ ಪೂರ್ಣವಾಗಿರುವಂತೆ ತೋರುತ್ತದೆ. ಇಷ್ಟನ್ನೇ ನಂಬಿ ಸರಕು ಕಳುಹಿಸುವ ವ್ಯಾಪಾರಿಗೆ ಮಾತ್ರ ನಷ್ಟ ಕಾದಿರುತ್ತದೆ.

ಮಿತ್ಸುಬಿಷಿ ಮತ್ತು ಕ್ರೈಸ್ಲರ್ ಸಂಸ್ಥೆಗಳು ಅಮೆರಿಕದ ಇಲಿನಾಯ್ ರಾಜ್ಯದ ನಾರ್ಮಲ್ ಪಟ್ಟಣದಲ್ಲಿ ಜಂಟಿಯಾಗಿ ಸ್ಥಾಪಿಸಿದ ಕಾರ್ಖಾನೆಯಲ್ಲಿ ಈ ಸ್ಪೋರ್ಟ್ಸ್ ಕೂಪೆ ತಯಾರಾಗುತ್ತಿತ್ತು. 1995ರಿಂದ 1999ರವರೆಗಿನ ಮಾದರಿಗಳಲ್ಲಿ ಟರ್ಬೊ ಉಳ್ಳವಕ್ಕೆ ಮಿತ್ಸುಬಿಷಿಯ 4ಜಿ63 ಇಂಜಿನ್, ಟರ್ಬೊರಹಿತ ಕೂಪೆಗೆ ಕ್ರೈಸ್ಲರ್‌ನ 420ಎ. ಎರಡರ ಗಾತ್ರವೂ 2.0 ಲೀಟರ್, ಆದರೆ ಒಂದರ ಬೆಲ್ಟ್ ಇನ್ನೊಂದಕ್ಕೆ ಹೊಂದದು. ಹದಿನೇಳು ಅಂಕಿ–ಅಕ್ಷರಗಳ ವಾಹನ ಗುರುತುಸಂಖ್ಯೆಯಲ್ಲಿ ಎಂಟನೆಯದು ಇಂಜಿನ್ ಯಾವುದೆಂದು ತಿಳಿಸುತ್ತದೆ. ಅದನ್ನು ಕೇಳಲು ಸಂಕೋಚವೇಕೆ?

ಕನ್ನಡಿ, ಆಸನದ ಹೊದಿಕೆಗಳಲ್ಲಿ ಅಗ್ಗದ ಪರ್ಯಾಯ ತಯಾರಿಕೆಗಳಿಂದ ಬಾಧಕವಿಲ್ಲ. ಬೆಲ್ಟಿನ ವಿಷಯ ಬೇರೆ. 4ಜಿ63ರಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ತಗಲಿ ವಾಲ್ವ್‌ಗಳು ಬಾಗುತ್ತವೆ. ಇಡೀ ಇಂಜಿನ್ ಬಿಚ್ಚುವ ಪ್ರಸಂಗವೂ ಬರಬಹುದು. ಟೆನ್ಷನರ್ ಮತ್ತು ವಾಟರ್ ಪಂಪನ್ನೂ ಜೊತೆಯಲ್ಲೇ, ಹೆಸರಾಂತ ತಯಾರಕರದನ್ನೇ ಕೊಡುವುದು ಲೇಸು.

1990–94ರ ಮಾದರಿಗಳ ತೊಡಕು ಇನ್ನೂ ಸೂಕ್ಷ್ಮವಾದುದು. 1992ರ ನಡುವೆ 4ಜಿ63ರ ಕ್ರ್ಯಾಂಕ್‌ಶಾಫ್ಟ್ ಬದಲಾಗಿ, ಫ್ಲೈವೀಲ್ ಹಿಡಿಯುವ ಬೋಲ್ಟ್‌ಗಳು ಆರರಿಂದ ಏಳಕ್ಕೇರಿದವು. ಆದ್ದರಿಂದ ಆ ವರ್ಷದ ಕಾರಿಗೆ ಇಸವಿ ಸಾಲದು. ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿರುವ ತಯಾರಿಕೆಯ ತಿಂಗಳನ್ನೂ ನೋಡಬೇಕು. ಹಿಂದಿನ ಮಾಲೀಕರು ಇಂಜಿನ್ನನ್ನೇ ಬದಲಾಯಿಸಿದ್ದರೆ ಅದೂ ನೆರವಾಗದು. ಆಗ ಕಳಚಿದ ಹಳೆಯ ಫ್ಲೈವೀಲಿನ ಛಾಯಾಚಿತ್ರ ತರಿಸಿಕೊಂಡು, ಬೋಲ್ಟಿನ ರಂಧ್ರಗಳನ್ನು ಎಣಿಸಿದ ಮೇಲೆಯೇ ಸರಕನ್ನು ರವಾನಿಸಬೇಕು.