ಹಳೆ ಸೀರೆಯಲ್ಲಿ ಊರಿನ ಚರಿತ್ರೆ: ಎಲ್ಲರೂ ಸೇರಿ ಕೌದಿ ಹೊಲಿಯೋದು ಹೇಗೆ?

ಇವತ್ತಿನ ಮಾತು ಕೌದಿ ಬಗ್ಗೆ. ಧಾರವಾಡ, ವಿಜಯಪುರ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಪುಣೆಯಲ್ಲಿರೋರು ‘ಗೋಧಡಿ’ ಅನ್ನೋ ಹೆಸರು ಕೇಳಿರ್ತೀರಿ. ಹಳೆ ಸೀರೆ, ಧೋತರ, ಅಂಗಿಗಳನ್ನ ಪದರ ಪದರವಾಗಿ ಹಾಸಿ, ಕೈಯಿಂದ ಹೊಲಿದ ಹೊದಿಕೆ.

ಇದರಲ್ಲಿ ಚರಿತ್ರೆ ಎಲ್ಲಿಂದ ಬಂತು ಅಂತೀರಾ? ಉತ್ತರ ಕನ್ನಡದ ಸಿದ್ದಿ ಜನಾಂಗವನ್ನ ನೋಡಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಇವರ ಪೂರ್ವಜರು ಆಫ್ರಿಕಾ ಮೂಲದವರು. ಪೋರ್ಚುಗೀಸರು ಅನೇಕರನ್ನ ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ.

ಇವರ ಕೌದಿಗೆ ‘ಕವಂದಿ’ ಅಂತಾರೆ. ತಳಕ್ಕೆ ಒಂದು ಹಳೆ ಸೀರೆ. ಹೊಲಿಗೆ ಅಂಚಿನ ಒಂದು ಮೂಲೆಯಿಂದ ಶುರುವಾಗಿ, ತುಂಡುಗಳನ್ನ ಇಡುತ್ತಾ ಇಡುತ್ತಾ ಸುತ್ತು ಹಾಕಿ ನಡುವಿಗೆ ಬರುತ್ತೆ. ಮೊದಲೇ ಬರೆದ ನಕ್ಷೆ ಇರಲ್ಲ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ‘ಫೂಲ’ ಇಡ್ತಾರೆ. ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರೆ. ಕೆಲವು ಕವಂದಿಗಳಲ್ಲಿ ಶಿಲುಬೆ ಇದ್ದರೆ, ಕೆಲವರಲ್ಲಿ ಅರ್ಧಚಂದ್ರ. ಆದರೆ ಹೊಲಿಯೋ ಕ್ರಮ ಒಂದೇ.

ಈಗ ನಮ್ಮ ವಿಷಯ. ನಿಮ್ಮ ಅಪಾರ್ಟ್‌ಮೆಂಟ್ ಅಥವಾ ಕನ್ನಡ ಸಂಘದ 36 ಮನೆಗಳು ಸೇರಿದವು ಅಂದುಕೊಳ್ಳಿ. ಪ್ರತಿ ಮನೆಯಿಂದ ಒಂದು ಚದರ ಅಡಿಯ ತುಂಡು. ಆರು ಸಾಲು, ಸಾಲಿಗೆ ಆರು. 6 ಅಡಿ ಅಗಲ, 6 ಅಡಿ ಉದ್ದದ ಕೌದಿ ರೆಡಿ. ಅಂಚು ಮಡಚೋಕೆ ಸುತ್ತಲೂ ಅರ್ಧ ಇಂಚು ಬೇಕು, ಹಾಗಾಗಿ 13 ಇಂಚಿಗೆ ಕತ್ತರಿಸಿ. ಒಗೆದ ಹತ್ತಿ ಬಟ್ಟೆಯೇ ಒಳ್ಳೇದು. ಹೊಸ ಬಟ್ಟೆ ಆಮೇಲೆ ಕುಗ್ಗಿ ಹೊಲಿಗೆ ಎಳೆಯುತ್ತೆ, ಜಾರೋ ಪಾಲಿಯೆಸ್ಟರ್ ಕೈಗೆ ಸಿಗಲ್ಲ.

ತುಂಡಿಗೊಂದು ನಂಬರ್ ಕೊಡಿ. ಯಾರ ಬಟ್ಟೆ, ಯಾವ ಊರಿಂದ ಬಂತು, ಯಾವಾಗ ಉಟ್ಟಿದ್ದು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಅಜ್ಜಿಗೆ ಫೋನ್ ಮಾಡಿ ಈಗಲೇ ಕೇಳಿ. ಸೀರೆ ಸೂಟ್‌ಕೇಸಲ್ಲಿ ಉಳೀಬಹುದು, ಅದರ ಕಥೆ ಹೇಳೋರು ಉಳಿಯಲ್ಲ.

ಇನ್ನೊಂದು ಮಾತು. ಹಿಂಜವಡಿಯಲ್ಲಿದ್ದರೆ, ಐಟಿ ಪಾರ್ಕಿಗೆ ಮುಂಚಿನಿಂದ ಅಲ್ಲಿರೋ ಮನೆಗಳಿಂದಲೂ ಬಟ್ಟೆ ಕೇಳಿ. ಮನೆಗೆಲಸದವರು, ಸೆಕ್ಯೂರಿಟಿಯವರದ್ದೂ ಇರಲಿ. ಬರೀ ನಮ್ಮದೇ ಸೇರಿಸಿದರೆ ಅದು ಫ್ಯಾಮಿಲಿ ಆಲ್ಬಂ ಆಗುತ್ತೆ. ಊರಿನ ಚರಿತ್ರೆ ಆಗಬೇಕಾದರೆ ಊರಿನವರೂ ಬೇಕು.

ಹೊಲಿಯೋಕೆ ಬರಲ್ಲ ಅಂತ ಕಸುಬುದಾರ ಹೆಂಗಸರಿಗೆ ಕೊಡ್ತೀರಾ? ಸರಿಯಾದ ಕೂಲಿ ಕೊಡಿ, ಕೌದಿಯ ಹಿಂಬದಿಯಲ್ಲಿ ಅವರ ಹೆಸರನ್ನೂ ಹೊಲಿಸಿ. ನಿಮ್ಮ ಮನೆಯಿಂದ ಯಾವ ಬಟ್ಟೆ ಕೊಡ್ತೀರಿ? ಕಾಮೆಂಟಲ್ಲಿ ಬರೀರಿ. ಮತ್ತೆ ಸಿಗೋಣ.