ಚಪ್ಪಲಿಯೊಳಗಿನ ಕಲ್ಲು

ಚಪ್ಪಲಿಯೊಳಗೆ ಸಣ್ಣ ಕಲ್ಲು. ಇಡೀ ದಿನ ಓಡಾಡಿದ್ರೂ ಗೊತ್ತೇ ಆಗ್ಲಿಲ್ವಾ? ಹುಷಾರು.

ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ರೆ ಪಾದದ ನರಗಳು ಮಂಕಾಗ್ತವೆ, ನೋವೇ ತಿಳಿಯಲ್ಲ. ಕಾಲಿಗೆ ರಕ್ತ ಓಡಾಟವೂ ಕಮ್ಮಿಯಾದ್ರೆ ಗಾಯ ಬೇಗ ಮಾಯಲ್ಲ. ಅದಕ್ಕೇ ದಿನಾ ರಾತ್ರಿ ಪಾದದಡಿ ಕನ್ನಡಿ ಹಿಡಿದು ನೋಡಿ. ಬೆರಳ ಸಂದಿನೂ ಬಿಡಬೇಡಿ. ಆಣಿಯನ್ನ ಬ್ಲೇಡಲ್ಲಿ ಕೆತ್ತೋ ಸಾಹಸ ಮಾತ್ರ ಬೇಡ್ವೇ ಬೇಡ.

ಶುಗರ್ ಟೆಸ್ಟ್‌ಗೆ ಎರಡು ದಿನ ಮುಂಚೆ ಪಥ್ಯ ಶುರು ಮಾಡೋರು ನಮ್ಮಲ್ಲಿ ಬೇಕಾದಷ್ಟು ಜನ! ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಹತ್ರ ಆ ಆಟ ನಡೆಯಲ್ಲ. ಅದು ಹಿಂದಿನ 2-3 ತಿಂಗಳ ಶುಗರ್ ಲೆಕ್ಕ ಒಪ್ಪಿಸುತ್ತೆ. ಶುಗರ್ ಕಾಯಿಲೆ ಇರೋ ಬಹುಪಾಲು ಜನರಿಗೆ ಗುರಿ 7 ಪರ್ಸೆಂಟ್‌ಗಿಂತ ಕಮ್ಮಿ. ನಿಮ್ಮದೆಷ್ಟು ಅಂತ ಡಾಕ್ಟರನ್ನೇ ಕೇಳಿ. ಕಣ್ಣು, ಕಿಡ್ನಿ ವರ್ಷಕ್ಕೊಮ್ಮೆ ತೋರಿಸಿ, ತೊಂದರೆ ಕಾಣದಿದ್ರೂ.

ಈಗ ಚಪ್ಪಲಿ ಕೊಡವಿ ಹಾಕ್ಕೊಳ್ಳಿ.