ಪಡೂಕಾದಲ್ಲಿ ಕ್ವಿಲ್ಟ್ ನೋಡುವ ಬಗೆ

ಅಮೆರಿಕದ ಕೆಂಟಕಿ ರಾಜ್ಯದಲ್ಲಿ, ಒಹಾಯೊ ಮತ್ತು ಟೆನೆಸಿ ನದಿಗಳು ಕೂಡುವಲ್ಲಿ ಪಡೂಕಾ ಎಂಬ ಊರಿದೆ. ಜನಸಂಖ್ಯೆ 27 ಸಾವಿರದ ಆಸುಪಾಸು. ಏಪ್ರಿಲ್‌ನ ಒಂದು ವಾರ ಅಲ್ಲಿಗೆ ಜಗತ್ತಿನ ಹಲವು ಕಡೆಯಿಂದ ಹೊಲಿಗೆಯವರು ಬಂದಿಳಿಯುತ್ತಾರೆ. ಬಿಲ್ ಮತ್ತು ಮೆರೆಡಿತ್ ಶ್ರೋಡರ್ ದಂಪತಿ 1984ರಲ್ಲಿ ಕಟ್ಟಿದ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿ ಮರುವರ್ಷವೇ ಇಲ್ಲಿ ಮೊದಲ ಪ್ರದರ್ಶನ ನಡೆಸಿತು. ಇಂದಿನ ‘ಕ್ವಿಲ್ಟ್‌ವೀಕ್’ ಬೆಳೆದದ್ದು ಅದರಿಂದಲೇ. 2013ರಲ್ಲಿ ಯುನೆಸ್ಕೊ ಈ ಊರಿಗೆ ಕರಕುಶಲ ಮತ್ತು ಜನಪದ ಕಲೆಯ ಸೃಜನಶೀಲ ನಗರವೆಂಬ ಮನ್ನಣೆ ಕೊಟ್ಟಿತು.

ಸಾಲು ಸಾಲಾಗಿ ನೂರಾರು ಕ್ವಿಲ್ಟ್‌ಗಳು ತೂಗುವ ಸಭಾಂಗಣಕ್ಕೆ ಕಾಲಿಟ್ಟವರು ಮೊದಲು ಬಿಡಬೇಕಾದದ್ದು ಎಲ್ಲವನ್ನೂ ನೋಡಿ ಮುಗಿಸುವ ಹಟವನ್ನು. ಒಂದು ಸುತ್ತು ಸುಮ್ಮನೆ ನಡೆಯಿರಿ. ಕಾಲು ತಾನಾಗಿ ನಿಂತ ಕಡೆಗಳನ್ನು ಗುರುತಿಟ್ಟುಕೊಂಡು, ಎರಡನೆಯ ಸುತ್ತಿನಲ್ಲಿ ಅವುಗಳ ಮುಂದೆ ಮಾತ್ರ ಹೊತ್ತು ಕಳೆಯಿರಿ.

ದೂರದಿಂದ ಕಾಣುವುದು ವಿನ್ಯಾಸ ಮತ್ತು ಬಣ್ಣ. ಹತ್ತಿರ ಹೋದಾಗ ಕಾಣುವುದು ಕೈಕೆಲಸ. ಕ್ವಿಲ್ಟ್‌ಗೆ ಮೂರು ಪದರ: ತುಂಡುಗಳನ್ನು ಜೋಡಿಸಿದ ಮೇಲ್ಮೈ, ನಡುವಿನ ಹತ್ತಿ, ಕೆಳಗಿನ ಬಟ್ಟೆ. ಮೂರನ್ನೂ ಹಿಡಿದಿಡುವ ಹೊಲಿಗೆಯೇ ಕ್ವಿಲ್ಟಿಂಗ್. ಹೊಲಿಗೆಗಳ ಅಂತರ ಸಮವಾಗಿದೆಯೇ, ತುಂಡುಗಳ ಮೂಲೆಗಳು ಕೂಡುತ್ತವೆಯೇ, ಅಂಚುಪಟ್ಟಿ ನೇರವಾಗಿದೆಯೇ ಎಂದು ತೀರ್ಪುಗಾರರು ನೋಡುತ್ತಾರೆ. ನೀವೂ ನೋಡಿ, ಆದರೆ ಮುಟ್ಟಬೇಡಿ. ಬೆರಳಿನ ಜಿಡ್ಡು ಬಟ್ಟೆಯನ್ನು ಕೆಡಿಸುತ್ತದೆ. ಬಿಳಿ ಕೈಗವಸು ತೊಟ್ಟ ಸ್ವಯಂಸೇವಕರನ್ನು ಕೇಳಿದರೆ ಅಂಚನ್ನು ಎತ್ತಿ ಹಿಂಬದಿ ತೋರಿಸುತ್ತಾರೆ. ಸಂಕೋಚಪಡದೆ ಕೇಳಿ. ಬಣ್ಣದ ಗದ್ದಲವಿಲ್ಲದ ಆ ಮಗ್ಗುಲಲ್ಲಿ ಹೊಲಿಗೆಯ ಗೆರೆ ನಿಚ್ಚಳವಾಗಿ ಓದಿಸಿಕೊಳ್ಳುತ್ತದೆ.

ಕೌದಿ ಕಂಡವರಿಗೆ ಈ ನೋಟ ಹೊಸದಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿನವರೆಗೆ ಹೊಲಿಯುತ್ತಾರೆ. ತುಂಡು ಕೂಡಿಸುವುದೂ ಪದರ ಬಿಗಿಯುವುದೂ ಅವರಿಗೆ ಒಂದೇ ಕೆಲಸ. ಅಮೆರಿಕದ ರೂಢಿಯಲ್ಲಿ ಸಾಮಾನ್ಯವಾಗಿ ಮೇಲ್ಮೈ ಮೊದಲು ಸಿದ್ಧವಾಗುತ್ತದೆ, ಕ್ವಿಲ್ಟಿಂಗ್ ಆಮೇಲೆ. ಈ ವ್ಯತ್ಯಾಸ ತಿಳಿದು ನೋಡಿದರೆ ಎರಡೂ ಕಡೆಯ ಕೈಗಳ ಮೇಲೆ ಗೌರವ ಹೆಚ್ಚುತ್ತದೆ.

1991ರಲ್ಲಿ ತೆರೆದ ನ್ಯಾಷನಲ್ ಕ್ವಿಲ್ಟ್ ಮ್ಯೂಸಿಯಂ ಇರುವುದೂ ಇದೇ ಊರಿನಲ್ಲಿ. ಸಾಧ್ಯವಾದರೆ ಮೇಳಕ್ಕೆ ಮೊದಲೇ ಅಲ್ಲಿಗೆ ಹೋಗಬೇಕು. ಕ್ಯಾರಲ್ ಬ್ರೈಯರ್ ಫಾಲರ್ಟ್ ಅವರ ‘ಕರೋನಾ 2: ಸೋಲಾರ್ ಎಕ್ಲಿಪ್ಸ್’ ಅದರ ಸಂಗ್ರಹದಲ್ಲಿದೆ. ಕೈಹೊಲಿಗೆಯೇ ಶ್ರೇಷ್ಠವೆಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ, 1989ರ ಪಡೂಕಾ ಪ್ರದರ್ಶನದ ಅತ್ಯುನ್ನತ ಬಹುಮಾನ ಪಡೆದ ಯಂತ್ರಹೊಲಿಗೆಯ ಕ್ವಿಲ್ಟ್ ಇದು. ಅಂಥ ಕೃತಿ ಅಲ್ಲಿಯವರೆಗೆ ಆ ಬಹುಮಾನ ಗೆದ್ದಿರಲಿಲ್ಲ. ಇಂದು ಕೈಹೊಲಿಗೆಗೂ ಯಂತ್ರಹೊಲಿಗೆಗೂ ಬೇರೆ ಬೇರೆ ಬಹುಮಾನಗಳಿವೆ.

ಇನ್ನು ವ್ಯವಹಾರದ ಮಾತು. ಊರು ಚಿಕ್ಕದು, ಕೋಣೆಗಳು ಬೇಗ ತುಂಬುತ್ತವೆ. ವಸತಿಯನ್ನೂ ಮೇಳದ ಹೊಲಿಗೆ ತರಗತಿಯ ಜಾಗವನ್ನೂ ತಿಂಗಳುಗಳ ಮೊದಲೇ ಕಾಯ್ದಿರಿಸಿ. ಮೆತ್ತನೆಯ ಚಪ್ಪಲಿ ಧರಿಸಿ. ಫೋಟೊ ತೆಗೆಯುವ ಮುನ್ನ ನಿಯಮ ಓದಿ. ತೆಗೆದರೆ ಹೊಲಿದವರ ಹೆಸರಿರುವ ಫಲಕವನ್ನೂ ಸೇರಿಸಿ. ಮಳಿಗೆಗಳಿಗೆ ಹೋಗುವುದು ಕಣ್ಣು ತುಂಬಿದ ಮೇಲೆ, ಕೈಯಲ್ಲಿ ಬೇಕಾದ್ದರ ಪಟ್ಟಿ ಇಟ್ಟುಕೊಂಡು.

ಹೊರಡುವ ಮುಂಚೆ ವೀಕ್ಷಕರ ಆಯ್ಕೆಗೆ ಮತ ಹಾಕಿ. ಇದೇ ಏಕೆ ಮೆಚ್ಚುಗೆಯಾಯಿತು ಎಂದು ನಿಮಗೆ ನೀವೇ ಒಂದು ವಾಕ್ಯದಲ್ಲಿ ಹೇಳಿಕೊಳ್ಳಿ. ಆ ಕಾರಣವನ್ನು ಹೇಳಲು ಬಂದರೆ, ಮುಂದೆ ಉತ್ತರ ಕನ್ನಡದ ಹಳಿಯಾಳದಲ್ಲಿ ಕೌದಿ ಕೊಳ್ಳುವಾಗಲೂ ಹೊಲಿದವಳ ದುಡಿಮೆಗೆ ತಕ್ಕ ಬೆಲೆ ಕೊಡಲು ನಿಮಗೆ ಮನಸ್ಸು ಬರುತ್ತದೆ.